ರೂಟರ್ ಹಿಂದೆ ರೂಟರ್, ಅದರೊಳಗೆ ವಿಪಿಎನ್: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ನಮ್ಮ ಮನೆ ಮೂರ್ನಾಡಿನಿಂದ ನಾಪೋಕ್ಲು ಕಡೆ ಹೋಗುವ ದಾರಿಯಲ್ಲಿ, ಕಾಫಿ ತೋಟದ ಮಧ್ಯೆ ಇದೆ. ಫೈಬರ್ ಲೈನ್ ಕರೆಂಟ್ ಕಂಬಗಳ ಮೇಲೆ ಬಂದು ಕೆಳಗಿನ ಹಾಲ್‌ನಲ್ಲಿರುವ ಪೆಟ್ಟಿಗೆಗೆ ಸೇರುತ್ತದೆ. ಆ ಪೆಟ್ಟಿಗೆ ಇಂಟರ್ನೆಟ್ ಕೊಟ್ಟವರದ್ದು. ಅದೇ ಮೊದಲ ರೂಟರ್. ಅಲ್ಲಿಂದ ಒಂದು ಲ್ಯಾನ್ ಕೇಬಲ್ ಮಹಡಿಗೆ ಹತ್ತುತ್ತದೆ. ಮಹಡಿಯ ಕೋಣೆಯಲ್ಲಿ ನಾನು ತಂದಿಟ್ಟ ಎರಡನೇ ವೈಫೈ ರೂಟರ್ ಇದೆ. ಬೆಂಗಳೂರಿನ ಆಫೀಸಿನ ವಿಪಿಎನ್ ನಡೆಯುವುದು ಆ ಎರಡನೆಯದರಲ್ಲಿ. ವಿಪಿಎನ್ ಎಂದರೆ ಇಂಟರ್ನೆಟ್ ಒಳಗೇ ಇನ್ನೊಂದು ನೆಟ್‌ವರ್ಕ್ ತನಕ ಹೋಗುವ ಗುಟ್ಟಿನ ಸುರಂಗ. ಇದಕ್ಕೆ ಆಫೀಸಿನ ಐಟಿ ವಿಭಾಗದ ಒಪ್ಪಿಗೆ ಇದೆ. ನಿಮ್ಮಲ್ಲೂ ಮೊದಲು ಅದನ್ನು ಕೇಳಿಕೊಳ್ಳಿ.

ಇಂಥ ಜೋಡಣೆ ನಮ್ಮ ಕಡೆ ತುಂಬ ಮನೆಗಳಲ್ಲಿದೆ, ಹೋಮ್‌ಸ್ಟೇಗಳಲ್ಲಿದೆ. ಹಳೆ ಮನೆಗಳ ಗೋಡೆ ದಪ್ಪ. ಒಂದೇ ರೂಟರ್‌ನ ಸಿಗ್ನಲ್ ಹಿಂದಿನ ಕೋಣೆಗೆ ತಲುಪುವುದಿಲ್ಲ. ಹಾಗಾಗಿ ಎರಡನೆಯದು ಬರುತ್ತದೆ. ವಿಪಿಎನ್ ಕೈಕೊಟ್ಟಾಗ ಎಲ್ಲರೂ ವಿಪಿಎನ್ ಸೆಟ್ಟಿಂಗ್ ತೆರೆದು ಅಲ್ಲೇ ತಿದ್ದಲು ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿ ದಿನಗಟ್ಟಲೆ ಕಳೆದುಕೊಂಡಿದ್ದೇನೆ. ನಾನು ಕಂಡ ಹೆಚ್ಚಿನ ಪ್ರಸಂಗಗಳಲ್ಲಿ ವಿಪಿಎನ್ ಸರಿಯಾಗಿಯೇ ಇತ್ತು. ದೋಷ ಇದ್ದದ್ದು ಅದರ ಕೆಳಗೆ, ಎರಡು ರೂಟರ್‌ಗಳ ನಡುವೆ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಬನ್ನಿ. ವಿಪಿಎನ್ ಸೆಟ್ಟಿಂಗ್ ಮುಟ್ಟುವುದು ಕೊನೆಗೆ.

ಹೊರಗೆ ಹೋಗುವುದೋ, ಒಳಗೆ ಬರುವುದೋ?

ಮೊದಲು ಇದೊಂದು ಗೊತ್ತಾಗಬೇಕು. ನಿಮ್ಮ ಎರಡನೇ ರೂಟರ್ ತಾನೇ ಹೊರಗಿನ ಸರ್ವರ್‌ಗೆ ಕನೆಕ್ಟ್ ಆಗುತ್ತಿದೆಯಾ? ಅಥವಾ ಅದೇ ಸರ್ವರ್ ಆಗಿದ್ದು, ನೀವು ಹೊರಗಿನಿಂದ ಮನೆಗೆ ಕನೆಕ್ಟ್ ಆಗಬೇಕಾ? ಎರಡನ್ನೂ ವಿಪಿಎನ್ ಅಂತಲೇ ಕರೆಯುತ್ತೇವೆ. ಆದರೆ ದೋಷ ಬರುವ ಜಾಗಗಳು ಪೂರ್ತಿ ಬೇರೆ.

ತೋಟದ ತಪಾಲು ನೆನೆಸಿಕೊಳ್ಳಿ. ಲೈನ್ ಮನೆಯವರು ಒಂದು ಕಾಗದ ಬರೆದು ಮೇಸ್ತ್ರಿ ಕೈಗೆ ಕೊಡುತ್ತಾರೆ. ಮೇಸ್ತ್ರಿ ಅದನ್ನು ತೋಟದ ರೈಟರ್‌ಗೆ, ಅಂದರೆ ಗುಮಾಸ್ತನಿಗೆ ಕೊಡುತ್ತಾನೆ. ರೈಟರ್ ತೋಟದ ವಿಳಾಸ ಹಾಕಿ ಕಳಿಸುತ್ತಾನೆ. ಉತ್ತರ ಬಂದರೆ ಯಾರದ್ದೆಂದು ರೈಟರ್‌ಗೆ ನೆನಪಿರುತ್ತದೆ, ಮೇಸ್ತ್ರಿಗೂ ನೆನಪಿರುತ್ತದೆ. ಕಾಗದ ಸರಿಯಾದ ಮನೆಗೆ ತಲುಪುತ್ತದೆ. ಆದರೆ ಯಾರೋ ಹೊಸಬರು ಬರೀ ತೋಟದ ವಿಳಾಸ ಬರೆದು ಕಾಗದ ಕಳಿಸಿದರೆ? ಯಾರಿಗೆ ಕೊಡಬೇಕೆಂದು ರೈಟರ್‌ಗೆ ಗೊತ್ತಿಲ್ಲ. ಅದು ಅಲ್ಲೇ ಉಳಿಯುತ್ತದೆ.

ರೂಟರ್ ಒಳಗಿನ ವಿಳಾಸ ತೆಗೆದು ತನ್ನ ವಿಳಾಸ ಹಾಕಿ ಕಳಿಸುವುದಕ್ಕೆ ನ್ಯಾಟ್ ಎನ್ನುತ್ತಾರೆ. ಅದು ಈ ರೈಟರ್ ಕೆಲಸವೇ. ಎರಡು ರೂಟರ್ ಇದ್ದರೆ ಎರಡು ಸಲ ನ್ಯಾಟ್ ಆಗುತ್ತದೆ. ಹೊರಗೆ ಹೋಗುವ ವಿಪಿಎನ್‌ಗೆ ಎರಡು ಸಲ ಆದರೂ ಸಾಮಾನ್ಯವಾಗಿ ತೊಂದರೆ ಇಲ್ಲ. ಈಗ ಹೆಚ್ಚು ಬಳಕೆಯಲ್ಲಿರುವ ಓಪನ್‌ವಿಪಿಎನ್, ವೈರ್‌ಗಾರ್ಡ್ ಎಂಬ ಎರಡು ಬಗೆಯ ವಿಪಿಎನ್‌ಗಳೂ ಆರಾಮಾಗಿ ದಾಟಿ ಹೋಗುತ್ತವೆ. ಒಳಗೆ ಬರುವ ವಿಪಿಎನ್‌ಗೆ ಮಾತ್ರ ಇಬ್ಬರಿಗೂ ಮೊದಲೇ ಹೇಳಿಟ್ಟಿರಬೇಕು. ಅದನ್ನು ಕೊನೆಯಲ್ಲಿ ಬರೆಯುತ್ತೇನೆ.

ಹತ್ತು ನಿಮಿಷದ ಪರೀಕ್ಷೆ

ಲ್ಯಾಪ್‌ಟಾಪ್‌ನಲ್ಲಿ ಅದೇ ವಿಪಿಎನ್‌ನ ಆಪ್ ಹಾಕಿ. ಸಾಧ್ಯವಾದರೆ ಅದಕ್ಕೆ ಬೇರೆ ಕೀ (ಗುರುತಿನ ಗುಟ್ಟಿನ ಅಕ್ಷರಗಳು) ಕೇಳಿ ಪಡೆಯಿರಿ. ಒಂದೇ ಕೀ ಇದ್ದರೆ ರೂಟರ್‌ನ ವಿಪಿಎನ್ ನಿಲ್ಲಿಸಿ ಪರೀಕ್ಷೆ ಮಾಡಿ. ಎರಡು ಕಡೆ ಒಂದೇ ಕೀ ನಡೆದರೆ ಒಂದು ಇನ್ನೊಂದನ್ನು ತಳ್ಳುತ್ತಿರುತ್ತದೆ.

ಈಗ ಲ್ಯಾಪ್‌ಟಾಪನ್ನು ಮೊದಲ ರೂಟರ್‌ಗೆ ನೇರವಾಗಿ ಜೋಡಿಸಿ ಆಪ್ ಓಡಿಸಿ. ಕನೆಕ್ಟ್ ಆಯಿತಾ? ಹಾಗಾದರೆ ಲೈನ್ ಸರಿ ಇದೆ, ಸರ್ವರ್ ಸರಿ ಇದೆ. ದೋಷ ಎರಡನೇ ರೂಟರ್‌ನಲ್ಲಿ. ಆಗಲಿಲ್ಲವಾ? ಫೋನಿನ ಹಾಟ್‌ಸ್ಪಾಟ್ ಹಾಕಿ ನೋಡಿ. ಅದರಲ್ಲಿ ಆದರೆ ದೋಷ ಮೊದಲ ರೂಟರ್‌ನಲ್ಲಿ, ಇಲ್ಲವೇ ಇಂಟರ್ನೆಟ್ ಕೊಟ್ಟವರ ಕಡೆ. ಹಾಟ್‌ಸ್ಪಾಟ್‌ನಲ್ಲೂ ಆಗದಿದ್ದರೆ ಸರ್ವರ್ ಅಥವಾ ನಿಮ್ಮ ಅಕೌಂಟ್ ನೋಡಬೇಕು. ಆಫೀಸಿಗೆ ಫೋನ್ ಮಾಡಿ, ಮನೆಯಲ್ಲಿ ಏನನ್ನೂ ಮುಟ್ಟಬೇಡಿ.

ನಮ್ಮಲ್ಲಿ ಮಳೆಗಾಲದಲ್ಲಿ ಮೊಬೈಲ್ ಟವರ್‌ಗಳೂ ನಿಲ್ಲುತ್ತವೆ. ಹಾಟ್‌ಸ್ಪಾಟ್ ನಂಬುವ ಮೊದಲು ಅದರಲ್ಲಿ ಒಂದು ಮಾಮೂಲಿ ಪುಟ ತೆರೆಯುತ್ತದಾ ನೋಡಿಕೊಳ್ಳಿ.

ಇನ್ನೊಂದು ಮಾತು. ಮೊದಲ ರೂಟರನ್ನು ಫ್ಯಾಕ್ಟರಿ ರೀಸೆಟ್ ಮಾಡಬೇಡಿ. ಅದರಲ್ಲಿ ಪಿಪಿಪಿಒಇ (ಇಂಟರ್ನೆಟ್ ಕೊಟ್ಟವರಲ್ಲಿ ಲಾಗಿನ್ ಆಗುವ ಒಂದು ಬಗೆ) ಯೂಸರ್‌ನೇಮ್, ಪಾಸ್‌ವರ್ಡ್, ಲೈನ್‌ಗೆ ಬೇಕಾದ ವಿಲ್ಯಾನ್ ನಂಬರ್ ಇರಬಹುದು. ಅಳಿಸಿ ಹೋದರೆ ಲೈನ್‌ಮ್ಯಾನ್ ಬರುವ ತನಕ ಮನೆಗೆ ಇಂಟರ್ನೆಟ್ ಇಲ್ಲ. ಸೆಟ್ಟಿಂಗ್ ಪುಟಗಳ ಫೋಟೊ ಇವತ್ತೇ ತೆಗೆದಿಡಿ.

ಒಂದೇ ನಂಬರಿನ ಎರಡು ಮನೆ

ಎರಡನೇ ರೂಟರ್‌ನ ಸ್ಟೇಟಸ್ ಪುಟ ತೆರೆಯಿರಿ. ವ್ಯಾನ್ (ಹೊರಗಿನ ಕಡೆಯ) ವಿಳಾಸ ಏನಿದೆ, ಲ್ಯಾನ್ (ಒಳಗಿನ ಕಡೆಯ) ವಿಳಾಸ ಏನಿದೆ ನೋಡಿ. ಮೊದಲ ರೂಟರ್ 192.168.1.1 ಆಗಿದ್ದರೆ ಎರಡನೆಯದರ ವ್ಯಾನ್‌ಗೆ 192.168.1.5 ಎಂಬಂಥದ್ದು ಸಿಗುತ್ತದೆ. ಎರಡನೆಯದು ತನ್ನ ಲ್ಯಾನ್‌ಗೂ 192.168.1.1 ಇಟ್ಟುಕೊಂಡಿದ್ದರೆ ಗೊಂದಲ ಶುರು. ಅದಕ್ಕೆ ಎರಡೂ ಕಡೆ ಒಂದೇ ಊರು ಕಾಣುತ್ತದೆ. ಪ್ಯಾಕೆಟನ್ನು ಯಾವ ಕಡೆ ಕಳಿಸಬೇಕೆಂದು ತಿಳಿಯುವುದಿಲ್ಲ. ಕೆಲವು ರೂಟರ್‌ಗಳು ಇದನ್ನು ಕಂಡು ತಾವೇ ವಿಳಾಸ ಬದಲಿಸಿಕೊಳ್ಳುತ್ತವೆ. ಎಲ್ಲವೂ ಹಾಗಲ್ಲ.

ಎರಡನೆಯದರ ಲ್ಯಾನನ್ನು 192.168.57.1 ಥರದ, ಯಾರೂ ಸಾಮಾನ್ಯವಾಗಿ ಇಡದ ನಂಬರಿಗೆ ಬದಲಿಸಿ. ಸುಮ್ನೆ 192.168.0.1 ಮಾಡಿಬಿಟ್ಟರೆ ಸಾಕಲ್ವಾ ಅನ್ನಿಸಬಹುದು. ಸಾಲದು. ಸುರಂಗದ ಆಚೆ ತುದಿಯಲ್ಲಿ ಆಫೀಸಿನ ನೆಟ್‌ವರ್ಕ್ ಕೂಡ 192.168.0 ಅಥವಾ 192.168.1 ಆಗಿರಬಹುದು. ಆಗ ವಿಪಿಎನ್ ಕನೆಕ್ಟ್ ಆಗಿದೆ ಎಂದು ತೋರಿಸುತ್ತದೆ, ಆದರೆ ಆಫೀಸಿನ ಫೈಲ್ ಸರ್ವರ್ ತೆರೆಯುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್ ಅದನ್ನು ಮನೆಯೊಳಗೇ ಹುಡುಕುತ್ತಾ ಕೂತಿರುತ್ತದೆ. ಮೊದಲ ರೂಟರ್, ಎರಡನೇ ರೂಟರ್, ಆಫೀಸು: ಮೂರಕ್ಕೂ ಬೇರೆ ಬೇರೆ ನಂಬರ್ ಬೇಕು.

ಕೆಲವು ಫೋನಿಗೆ ವಿಪಿಎನ್ ಇದೆ, ಕೆಲವಕ್ಕೆ ಇಲ್ಲ

ಇದಕ್ಕೆ ನಾನು ಎರಡು ಕಾರಣ ಕಂಡಿದ್ದೇನೆ. ಒಂದು, ಕೇಬಲನ್ನು ಎರಡನೇ ರೂಟರ್‌ನ ವ್ಯಾನ್ ತೂತಿಗೆ ಹಾಕುವ ಬದಲು ಲ್ಯಾನ್ ತೂತಿಗೆ ಹಾಕಿರುತ್ತಾರೆ. ಆಗ ಎರಡೂ ರೂಟರ್‌ಗಳು ಒಂದೇ ನೆಟ್‌ವರ್ಕ್‌ನಲ್ಲಿ ವಿಳಾಸ ಹಂಚುತ್ತವೆ. ಯಾರಿಂದ ಮೊದಲು ಸಿಕ್ಕಿತೋ ಆ ದಾರಿಯಲ್ಲಿ ಫೋನ್ ಹೋಗುತ್ತದೆ. ಫೋನಿನ ವೈಫೈ ವಿವರದಲ್ಲಿ ಗೇಟ್‌ವೇ, ಅಂದರೆ ಹೊರಗೆ ಹೋಗುವ ದಾರಿ, ಯಾವುದೆಂದು ನೋಡಿ. ಅದು ಮೊದಲ ರೂಟರ್‌ನ ವಿಳಾಸವಾಗಿದ್ದರೆ ಆ ಫೋನ್ ವಿಪಿಎನ್ ಮುಟ್ಟುತ್ತಲೇ ಇಲ್ಲ.

ಎರಡು, ಎರಡೂ ರೂಟರ್‌ಗೆ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟಿರುತ್ತಾರೆ. ಮಹಡಿಯಿಂದ ಇಳಿದು ಅಡುಗೆಮನೆಗೆ ಬಂದ ಕೂಡಲೇ ಫೋನ್ ಕೆಳಗಿನದಕ್ಕೆ ಹಾರುತ್ತದೆ. ವಿಪಿಎನ್ ಕಡಿದುಹೋಯಿತು ಅಂತ ನೀವು ತಿಳಿಯುತ್ತೀರಿ. ಹೆಸರು ಬೇರೆ ಮಾಡಿ, ಸರಿಹೋಗುತ್ತದೆ.

ಕರೆಂಟ್ ಹೋಗಿ ಬಂದ ಮೇಲೆ

ಕೊಡಗಿನಲ್ಲಿರುವವರು ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಮರ ಬಿದ್ದು ಲೈನ್ ಹರಿಯುವುದು ಇದ್ದದ್ದೇ. ಒಂದು ಜುಲೈಯಲ್ಲಿ ಎರಡು ರಾತ್ರಿ ಕರೆಂಟ್ ಇರಲಿಲ್ಲ. ಇನ್ವರ್ಟರ್ ಕೂಡ ಖಾಲಿ. ಮೂರನೇ ದಿನ ಕರೆಂಟ್ ಬಂತು. ಕೆಳಗಿನ ವೈಫೈ ಚೆನ್ನಾಗಿ ನಡೆಯಿತು. ಮಹಡಿಯಲ್ಲಿ ವಿಪಿಎನ್ ಮಾತ್ರ ಏಳಲಿಲ್ಲ. ಅದಕ್ಕೂ ಹಿಂದೆ ಅದೇ ಸೆಟ್ಟಿಂಗ್‌ನಲ್ಲಿ ಎರಡು ತಿಂಗಳು ನಡೆದಿತ್ತು. ಕೀಗಳನ್ನು ಮತ್ತೆ ಟೈಪ್ ಮಾಡಿದೆ. ಪೋರ್ಟ್ ನೋಡಿದೆ. ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಲಾಗ್ ತೆರೆದಾಗ ಕಣ್ಣಿಗೆ ಬಿತ್ತು: ತಾರೀಕು ಮೇ ತಿಂಗಳದ್ದು.

ಮನೆಯಲ್ಲಿ ಬಳಸುವ ಹೆಚ್ಚಿನ ರೂಟರ್‌ಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ. ಕರೆಂಟ್ ಹೋದರೆ ಹೊತ್ತು ಮರೆತುಹೋಗುತ್ತದೆ. ಕೆಲವು 1970ಕ್ಕೆ ಹೋಗುತ್ತವೆ. ನನ್ನದರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ರೂಟರ್ ಸಾಫ್ಟ್‌ವೇರ್ ಇದೆ. ಅದು ಆನ್ ಆಗುವಾಗ ಸೆಟ್ಟಿಂಗ್ ಫೈಲ್‌ಗಳಲ್ಲಿ ಕೊನೆಯದಾಗಿ ಬದಲಾದದ್ದರ ತಾರೀಕನ್ನು ಹಿಡಿದು ಅಲ್ಲಿಂದ ಎಣಿಸಲು ಶುರು ಮಾಡುತ್ತದೆ. ನಾನು ಕೊನೆಗೆ ಸೆಟ್ಟಿಂಗ್ ಬದಲಿಸಿದ್ದು ಮೇಯಲ್ಲಿ. ಆಮೇಲೆ ಎನ್‌ಟಿಪಿ ಸರ್ವರ್‌ನಿಂದ ಸರಿಯಾದ ಹೊತ್ತು ಕೇಳಿಕೊಳ್ಳಬೇಕು.

ಹೊತ್ತು ತಪ್ಪಾದರೆ ವಿಪಿಎನ್‌ಗೆ ಏನಾಗುತ್ತದೆ? ಓಪನ್‌ವಿಪಿಎನ್‌ನಲ್ಲಿ ಗುರುತು ತೋರಿಸುವ ಸರ್ಟಿಫಿಕೇಟ್‌ಗೆ ಶುರುವಿನ ದಿನ, ಮುಗಿಯುವ ದಿನ ಇರುತ್ತದೆ. ರೂಟರ್ 1970ರಲ್ಲಿದ್ದರೆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ, ಒಪ್ಪುವುದಿಲ್ಲ. ಇದು ಲಾಗ್‌ನಲ್ಲಿ ಸ್ಪಷ್ಟವಾಗಿ ಬರುತ್ತದೆ. ವೈರ್‌ಗಾರ್ಡ್‌ನಲ್ಲಿ ಕಂಡುಹಿಡಿಯುವುದು ಕಷ್ಟ. ಪ್ರತಿ ಹ್ಯಾಂಡ್‌ಶೇಕ್‌ನಲ್ಲೂ (ಸುರಂಗ ಕಟ್ಟುವ ಮೊದಲ ಮಾತುಕತೆ) ರೂಟರ್ ತನ್ನ ಹೊತ್ತನ್ನು ಸೇರಿಸಿ ಕಳಿಸುತ್ತದೆ. ಸರ್ವರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಅದಕ್ಕಿಂತ ಹಳೆಯ ಹೊತ್ತು ಬಂದರೆ, ಯಾರೋ ಹಳೆ ಪ್ಯಾಕೆಟನ್ನು ಕದ್ದು ಮತ್ತೆ ಕಳಿಸುತ್ತಿದ್ದಾರೆ ಎಂದು ಬಗೆದು ಬಿಸಾಡುತ್ತದೆ. ಉತ್ತರವನ್ನೂ ಕೊಡುವುದಿಲ್ಲ. ನಮ್ಮ ಕಡೆ ಲಾಗ್‌ನಲ್ಲಿ ಏನೂ ಕಾಣುವುದಿಲ್ಲ. ಸರ್ವರ್ ರೀಸ್ಟಾರ್ಟ್ ಆದರೆ ಆ ನೆನಪು ಅಳಿಸಿಹೋಗಿ ಕೂಡಲೇ ಕನೆಕ್ಟ್ ಆಗುತ್ತದೆ. ಆಗ ತಪ್ಪು ಸರ್ವರ್‌ನದ್ದೇ ಎಂದು ಎಲ್ಲರೂ ನಂಬಿಬಿಡುತ್ತಾರೆ.

ಎನ್‌ಟಿಪಿ ಯಾಕೆ ಹೊತ್ತು ಸರಿಮಾಡಲಿಲ್ಲ? ಎಲ್ಲ ಟ್ರಾಫಿಕ್ ಸುರಂಗದಲ್ಲೇ ಹೋಗಬೇಕೆಂದು ನಾನು ಇಟ್ಟಿದ್ದೆ. ರೂಟರ್ ಹೊತ್ತು ಕೇಳುವುದೂ ಸುರಂಗದಲ್ಲೇ. ಸುರಂಗ ಏಳಲು ಸರಿಯಾದ ಹೊತ್ತು ಬೇಕು, ಸರಿಯಾದ ಹೊತ್ತು ಸಿಗಲು ಸುರಂಗ ಬೇಕು. ಎರಡೂ ಒಂದನ್ನೊಂದು ಕಾಯುತ್ತಾ ನಿಂತಿದ್ದವು.

ಪರಿಹಾರ ಚಿಕ್ಕದು. ನೀವು ನಂಬುವ ಒಂದು ಎನ್‌ಟಿಪಿ ಸರ್ವರನ್ನು ಹೆಸರಿನ ಬದಲು ಐಪಿ ವಿಳಾಸದಲ್ಲೇ ಬರೆಯಿರಿ. ಆ ವಿಳಾಸಕ್ಕೆ ಮಾತ್ರ ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದ ಖಾಯಂ ದಾರಿ) ಹಾಕಿ, ಗೇಟ್‌ವೇ ಆಗಿ ಮೊದಲ ರೂಟರ್‌ನ ವಿಳಾಸ ಕೊಡಿ. ಆ ಒಂದು ಕೇಳಿಕೆ ಸುರಂಗ ಬಿಟ್ಟು ನೇರ ಹೊರಗೆ ಹೋಗುತ್ತದೆ. ಐಪಿ ಯಾಕೆಂದರೆ, ಹೆಸರು ಬಿಡಿಸಲು ಡಿಎನ್‌ಎಸ್ ಬೇಕು, ಅದೂ ಸುರಂಗದಲ್ಲೇ ಸಿಕ್ಕಿಕೊಂಡಿರಬಹುದು. ಸದ್ಯಕ್ಕೆ ತುರ್ತು ಕೆಲಸವಿದ್ದರೆ ರೂಟರ್ ಪುಟದಲ್ಲಿ ಬ್ರೌಸರ್ ಜೊತೆ ಹೊತ್ತು ಹೊಂದಿಸುವ ಬಟನ್ ಒತ್ತಿ. ನನಗೆ ಅಂದು ಅದನ್ನು ಒತ್ತಿದ ಸ್ವಲ್ಪ ಹೊತ್ತಿಗೇ ಕನೆಕ್ಟ್ ಆಯಿತು.

ಕರೆಂಟ್ ಬಂದಾಗ ಇನ್ನೊಂದು ತೊಂದರೆಯೂ ಇದೆ. ಎರಡನೇ ರೂಟರ್ ಬೇಗ ಎದ್ದು, ಕೆಳಗಿನ ಫೈಬರ್ ಪೆಟ್ಟಿಗೆ ತಡವಾಗಿ ಏಳುತ್ತದೆ. ವಿಪಿಎನ್ ಶುರುವಾದ ಗಳಿಗೆಯಲ್ಲಿ ಇಂಟರ್ನೆಟ್ ಇರುವುದಿಲ್ಲ, ಸರ್ವರ್ ಹೆಸರು ಬಿಡಿಸಲು ಆಗುವುದಿಲ್ಲ. ಕೆಲವು ರೂಟರ್‌ಗಳು ಮತ್ತೆ ಪ್ರಯತ್ನಿಸುವುದೇ ಇಲ್ಲ. ಮೇಲಿನದನ್ನು ಐದು ನಿಮಿಷ ಬಿಟ್ಟು ರೀಸ್ಟಾರ್ಟ್ ಮಾಡಿದರೆ ಸರಿಯಾಗುತ್ತದೆ ಎಂದಾದರೆ ಕಾರಣ ಇದೇ. ಎರಡಕ್ಕೂ ಸಣ್ಣ ರೂಟರ್ ಯುಪಿಎಸ್ ಹಾಕಿದರೆ ಸಣ್ಣಪುಟ್ಟ ಕಡಿತಗಳಲ್ಲಿ ಈ ರಗಳೆ ಇರುವುದಿಲ್ಲ. ಕೊಳ್ಳುವ ಮೊದಲು ರೂಟರ್ ತಳದಲ್ಲಿ 9 ವೋಲ್ಟ್ ಇದೆಯಾ 12 ವೋಲ್ಟ್ ಇದೆಯಾ ಓದಿ. ತಪ್ಪು ವೋಲ್ಟ್ ಕೊಟ್ಟರೆ ರೂಟರ್ ಸುಟ್ಟುಹೋಗಬಹುದು.

ಸಿಡಿಲಿನ ಬಗ್ಗೆಯೂ ಹೇಳಬೇಕು. ಏಪ್ರಿಲ್, ಮೇ ಗುಡುಗು ಮಳೆಯಲ್ಲಿ ಪ್ಲಗ್ ಕಿತ್ತಿಡುವುದು ಒಳ್ಳೆಯದು. ಫೈಬರ್ ಗಾಜಿನದು, ಅದು ವಿದ್ಯುತ್ ಒಯ್ಯುವುದಿಲ್ಲ. ಆದರೆ ಮನೆಯಿಂದ ಕಣದ ಶೆಡ್‌ಗೆ ಎಳೆದ ತಾಮ್ರದ ಲ್ಯಾನ್ ಕೇಬಲ್ ಒಯ್ಯುತ್ತದೆ. ಸಿಡಿಲಾದ ಮೇಲೆ ವಿಪಿಎನ್ ನಿಂತಿದ್ದರೆ ಮೊದಲು ವ್ಯಾನ್ ತೂತಿನ ದೀಪ ಹತ್ತಿದೆಯಾ ನೋಡಿ. ವೈಫೈ ಜೀವಂತವಾಗಿದ್ದು ವ್ಯಾನ್ ತೂತು ಮಾತ್ರ ಸತ್ತಿರುವುದನ್ನು ನಾನು ಕಂಡಿದ್ದೇನೆ.

ಕನೆಕ್ಟ್ ಆಗಿದೆ, ಆದರೆ ಪುಟ ಅರ್ಧಕ್ಕೆ ನಿಲ್ಲುತ್ತದೆ

ಪಿಂಗ್, ಅಂದರೆ ಆಚೆಯವರು ಇದ್ದಾರಾ ಎಂದು ಕೇಳುವ ಚಿಕ್ಕ ಪ್ಯಾಕೆಟ್, ಹೋಗುತ್ತದೆ. ಮೆಸೇಜ್ ಹೋಗುತ್ತದೆ, ಫೋಟೊ ಹೋಗುವುದಿಲ್ಲ. ಆಫೀಸಿನ ಲಾಗಿನ್ ಪುಟ ಬಿಳಿಯಾಗಿಯೇ ಉಳಿಯುತ್ತದೆ. ಹೀಗಿದ್ದರೆ ಎಂಟಿಯು ನೋಡಿ, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ. ಚಿಕ್ಕ ಪ್ಯಾಕೆಟ್ ದಾಟುತ್ತವೆ, ದೊಡ್ಡವು ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ.

ಮಾಮೂಲಿ ಈಥರ್ನೆಟ್‌ನಲ್ಲಿ 1500 ಬೈಟ್. ಮೊದಲ ರೂಟರ್ ಪಿಪಿಪಿಒಇಯಲ್ಲಿ ಕನೆಕ್ಟ್ ಆಗುತ್ತಿದ್ದರೆ ಸಾಮಾನ್ಯವಾಗಿ 1492. ಎರಡನೇ ರೂಟರ್‌ಗೆ ಇದು ಕಾಣುವುದಿಲ್ಲ. ಅದು 1500 ಎಂದೇ ಅಂದುಕೊಂಡಿರುತ್ತದೆ. ವೈರ್‌ಗಾರ್ಡ್ ತನ್ನ ಹೊದಿಕೆಗೆ ಐಪಿವಿ4ನಲ್ಲಿ (ವಿಳಾಸದ ಹಳೆ ಬಗೆ) 60 ಬೈಟ್, ಐಪಿವಿ6ನಲ್ಲಿ (ಹೊಸ ಬಗೆ) 80 ಬೈಟ್ ತೆಗೆದುಕೊಳ್ಳುತ್ತದೆ. ಅದರ ಮಾಮೂಲಿ ಎಂಟಿಯು 1420. ಐಪಿವಿ4ನಲ್ಲಿ 1420ಕ್ಕೆ 60 ಸೇರಿ 1480, ದಾಟುತ್ತದೆ. ಐಪಿವಿ6ನಲ್ಲಿ 80 ಸೇರಿ 1500, ಸಿಕ್ಕಿಕೊಳ್ಳುತ್ತದೆ. ನೆನ್ನೆ ತನಕ ಸರಿಯಿದ್ದ ವಿಪಿಎನ್, ಸರ್ವರ್ ಹೆಸರಿಗೆ ಐಪಿವಿ6 ವಿಳಾಸ ಸೇರಿಸಿದ ದಿನವೇ ಕೆಡಬಹುದು. 1412 ಇಟ್ಟರೆ ಎರಡಕ್ಕೂ ಸರಿ.

ಅಳೆಯಬೇಕೆಂದರೆ ವಿಪಿಎನ್ ನಿಲ್ಲಿಸಿ, ಪ್ಯಾಕೆಟ್ ತುಂಡು ಮಾಡಬಾರದು ಎಂಬ ಆಯ್ಕೆ ಹಾಕಿ ಹೊರಗಿನ ಐಪಿವಿ4 ವಿಳಾಸಕ್ಕೆ 1472 ಬೈಟ್‌ನ ಪಿಂಗ್ ಕಳಿಸಿ. ತಲೆಬರಹದ 28 ಬೈಟ್ ಸೇರಿ ಅದು 1500 ಆಗುತ್ತದೆ. ಹೋಗದಿದ್ದರೆ 1464. ಅದು ಹೋದರೆ ನಿಮ್ಮ ಲೈನ್ 1492. ಅಷ್ಟು ಲೆಕ್ಕ ಬೇಡ ಅಂದರೆ ವಿಪಿಎನ್ ಎಂಟಿಯು 1280ಕ್ಕೆ ಇಳಿಸಿ ನೋಡಿ. ಪುಟಗಳು ತೆರೆದುಕೊಂಡರೆ ರೋಗ ಇದೇ. ಆಮೇಲೆ ಸ್ವಲ್ಪ ಸ್ವಲ್ಪ ಏರಿಸಿ. ಫೈರ್‌ವಾಲ್‌ನಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ (ಪ್ಯಾಕೆಟ್ ಚಿಕ್ಕದಿರಲಿ ಎಂದು ಎರಡೂ ತುದಿಗೆ ಹೇಳುವುದು) ಎಂಬುದಿದ್ದರೆ ಅದನ್ನೂ ಆನ್ ಮಾಡಿ.

ಸುಮ್ಮನೆ ಬಿಟ್ಟರೆ ಸಾಯುವ ಸುರಂಗ

ಊಟ ಮುಗಿಸಿ ಬಂದಾಗ ವಿಪಿಎನ್ ಸತ್ತಿದ್ದರೆ ರೈಟರ್ ಮತ್ತು ಮೇಸ್ತ್ರಿಯ ನೆನಪು ಮುಗಿದಿರಬಹುದು. ಮಾತುಕತೆ ಇಲ್ಲದಿದ್ದರೆ ನ್ಯಾಟ್ ಮರೆತುಬಿಡುತ್ತದೆ. ಇಬ್ಬರಲ್ಲಿ ಯಾರು ಬೇಗ ಮರೆಯುತ್ತಾರೋ ಅದೇ ನಿಮ್ಮ ಮಿತಿ. ವೈರ್‌ಗಾರ್ಡ್‌ನ ಕೀಪ್‌ಅಲೈವ್‌ನಲ್ಲಿ (ನೆನಪಿರಲೆಂದು ಆಗಾಗ ಪ್ಯಾಕೆಟ್ ಕಳಿಸುವ ಸೆಟ್ಟಿಂಗ್) 25 ಸೆಕೆಂಡ್ ಹಾಕಿ.

ಆಫೀಸು ಐಪಿಸೆಕ್ ಎಂಬ ಬಗೆಯ ವಿಪಿಎನ್ ಬಳಸಿದರೆ ಯುಡಿಪಿ 500 ಮತ್ತು 4500 ಪೋರ್ಟ್‌ಗಳ (ಬಾಗಿಲ ನಂಬರ್‌ಗಳ) ಪ್ಯಾಕೆಟ್ ಹೊರಗೆ ಹೋಗಬೇಕು. ಪಿಪಿಟಿಪಿ ಎಂಬ ಹಳೆ ಬಗೆ ಕೊಟ್ಟಿದ್ದರೆ ಅದನ್ನು ಸರಿಮಾಡಲು ಹೋಗಬೇಡಿ, ಬೇರೆಯದು ಕೇಳಿ. ಅದು ಬಳಸುವ ಜಿಆರ್‌ಇ ಎಂಬ ಹೊದಿಕೆಗೆ ಪೋರ್ಟ್ ನಂಬರೇ ಇಲ್ಲ, ಎರಡು ನ್ಯಾಟ್ ದಾಟಲು ಒದ್ದಾಡುತ್ತದೆ. ಅದರ ಭದ್ರತೆಯೂ 2012ರಲ್ಲೇ ಮುರಿದುಬಿದ್ದಿದೆ. ವೇಗ ಮಾತ್ರ ಕಡಿಮೆ ಎಂಬ ದೂರಾದರೆ ರೂಟರ್‌ನ ಸಿಪಿಯು ನೋಡಿ. ಅಗ್ಗದ ರೂಟರ್‌ಗೆ ಓಪನ್‌ವಿಪಿಎನ್ ಭಾರ, ವೈರ್‌ಗಾರ್ಡ್ ಹಗುರ.

ಹೊರಗಿನಿಂದ ಮನೆಯೊಳಗೆ

ಪಕ್ಕದ ತೋಟದ ಅಣ್ಣ ಕಳೆದ ಕಾಫಿ ಕೊಯ್ಲಿನ ಹೊತ್ತಿಗೆ ಬಂದು, "ಮಡಿಕೇರಿಗೆ ಹೋದಾಗ ಕಣದ ಕ್ಯಾಮೆರಾ ಫೋನಲ್ಲಿ ಕಾಣ್ಬೇಕು, ವಿಪಿಎನ್ ಹಾಕಿದ್ದೀನಿ, ಮನೆಯಲ್ಲಿ ಕಾಣುತ್ತೆ, ಹೊರಗೆ ಹೋದ್ರೆ ಇಲ್ಲ" ಅಂದರು. ಕ್ಯಾಮೆರಾವನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಡದೆ ವಿಪಿಎನ್ ಹಾಕಿದ್ದು ಸರಿಯಾದ ಕೆಲಸ. ಅವರ ಎರಡನೇ ರೂಟರ್‌ನಲ್ಲಿ ವೈರ್‌ಗಾರ್ಡ್ ಸರ್ವರ್ ಇತ್ತು. ಆದರೆ ಮೊದಲ ರೂಟರ್‌ಗೆ ಏನೂ ಹೇಳಿರಲಿಲ್ಲ.

ಮೊದಲ ರೂಟರ್‌ನಲ್ಲಿ ಎರಡನೆಯದಕ್ಕೆ ಖಾಯಂ ವಿಳಾಸ ಕಟ್ಟಿದೆವು. ಯುಡಿಪಿ 51820 ಪೋರ್ಟನ್ನು ಆ ವಿಳಾಸಕ್ಕೆ ಫಾರ್ವರ್ಡ್ ಮಾಡಿದೆವು. ಓಪನ್‌ವಿಪಿಎನ್ ಆಗಿದ್ದರೆ ಸಾಮಾನ್ಯವಾಗಿ 1194. ಪರೀಕ್ಷೆಯನ್ನು ಮನೆಯ ವೈಫೈನಲ್ಲಿ ಮಾಡಬೇಡಿ, ಫೋನಿನ ಮೊಬೈಲ್ ಡೇಟಾದಲ್ಲೇ ಮಾಡಿ. ಒಳಗಿನಿಂದಲೇ ಹೊರವಿಳಾಸಕ್ಕೆ ಸುತ್ತಿ ಬರಲು ಎಷ್ಟೋ ರೂಟರ್‌ಗಳು ಬಿಡುವುದಿಲ್ಲ.

ಆದರೂ ಕನೆಕ್ಟ್ ಆಗಲಿಲ್ಲ. ಆಗ ಮೊದಲ ರೂಟರ್‌ನ ವ್ಯಾನ್ ವಿಳಾಸ ನೋಡಿದೆ. 100.7x ಎಂದು ಶುರುವಾಗುತ್ತಿತ್ತು. 100.64ರಿಂದ 100.127 ತನಕದ ವಿಳಾಸಗಳನ್ನು ಇಂಟರ್ನೆಟ್ ಕಂಪನಿಗಳು ತಮ್ಮೊಳಗೆ ನ್ಯಾಟ್ ಮಾಡಲೆಂದೇ 2012ರಲ್ಲಿ ಮೀಸಲಿಡಲಾಗಿದೆ. ಅಂದರೆ ಮನೆಯ ಎರಡು ರೂಟರ್‌ಗಳ ಆಚೆ ಕಂಪನಿಯಲ್ಲಿ ಮೂರನೇ ನ್ಯಾಟ್ ಇದೆ. ಅಲ್ಲಿಯ ರೈಟರ್‌ಗೆ ನಾವು ಏನೂ ಹೇಳಲಾರೆವು. ನಿಮ್ಮ ಮೊದಲ ರೂಟರ್‌ನ ವ್ಯಾನ್ ವಿಳಾಸವೂ, ವಿಪಿಎನ್ ನಿಲ್ಲಿಸಿ ಬ್ರೌಸರ್‌ನಲ್ಲಿ ನನ್ನ ಐಪಿ ಏನು ಎಂದು ಕೇಳಿದಾಗ ಬರುವುದೂ ಬೇರೆಬೇರೆಯಾಗಿದ್ದರೆ ಇದೇ ಕತೆ. ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಮಾಡಿದರೂ ವ್ಯರ್ಥ. ಮೊದಲ ರೂಟರನ್ನು ಬ್ರಿಡ್ಜ್ ಮೋಡ್‌ಗೆ (ನ್ಯಾಟ್ ಮಾಡದೆ ಸುಮ್ಮನೆ ದಾಟಿಸುವ ಬಗೆ) ಹಾಕಿದರೂ ಒಂದು ನ್ಯಾಟ್ ಕಡಿಮೆಯಾಗುತ್ತದೆ, ಇದು ಹೋಗುವುದಿಲ್ಲ.

ದಾರಿಗಳಿವೆ. ಪಬ್ಲಿಕ್ ಐಪಿ, ಅಂದರೆ ಹೊರಗಿನಿಂದ ನೇರ ತಲುಪುವ ವಿಳಾಸ, ಕೊಡುತ್ತೀರಾ ಎಂದು ಕಂಪನಿಯನ್ನು ಕೇಳಬಹುದು. ಅದಕ್ಕೆ ಬೇರೆ ಹಣ ಕೇಳಬಹುದು. ಮನೆಗೂ ಫೋನಿಗೂ ಐಪಿವಿ6 ಇದ್ದರೆ ಅದರಲ್ಲಿ ನೇರವಾಗಿ ಬರಬಹುದು. ಟೇಲ್‌ಸ್ಕೇಲ್‌ನಂಥ ವಿಪಿಎನ್ ಸೇವೆಯನ್ನು ಹಾಕಿಕೊಳ್ಳಬಹುದು. ಅದು ಎರಡೂ ಕಡೆಯಿಂದ ಹೊರಗೆ ಕರೆದು ನಡುವೆ ಕೂಡಿಸುತ್ತದೆ. ಅಣ್ಣನಿಗೆ ನಾನು ಆರಿಸಿದ್ದು ಬಾಡಿಗೆಯ ಸಣ್ಣ ವಿಪಿಎಸ್, ಅಂದರೆ ಇಂಟರ್ನೆಟ್‌ನಲ್ಲಿರುವ ಒಂದು ಸರ್ವರ್. ಮನೆಯ ರೂಟರ್ ತಾನೇ ಅದಕ್ಕೆ ಕನೆಕ್ಟ್ ಆಗುತ್ತದೆ, ಫೋನೂ ಅದಕ್ಕೇ ಕನೆಕ್ಟ್ ಆಗುತ್ತದೆ. ಒಳಗೆ ಬರುವ ವಿಪಿಎನ್ ಹೊರಗೆ ಹೋಗುವ ವಿಪಿಎನ್ ಆಗಿ ಬದಲಾಯಿತು. ಫಾರ್ವರ್ಡ್ ಮಾಡಿದ್ದ ಪೋರ್ಟನ್ನು ಮುಚ್ಚಿದೆವು.

ಮೊದಲ ದಿನ ಚಿತ್ರ ತಡೆದು ತಡೆದು ಬರುತ್ತಿತ್ತು. ಕ್ಯಾಮೆರಾದ ಸಬ್‌ಸ್ಟ್ರೀಮ್ (ಕಡಿಮೆ ಗುಣಮಟ್ಟದ ಹಗುರ ಚಿತ್ರ) ಹಾಕಿಕೊಟ್ಟೆ. ಈಗ ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಕೂತೂ ಅವರಿಗೆ ಕಣದಲ್ಲಿ ಹರಡಿದ ಕಾಫಿ ಕಾಣುತ್ತದೆ. ಮೋಡ ಕಟ್ಟಿದರೆ ಟಾರ್ಪಾಲು ಮುಚ್ಚಲು ಮನೆಗೆ ಫೋನ್ ಮಾಡುತ್ತಾರೆ.